ತೆಗೆದ ಬಾಗಿಲು

ಇದರಲ್ಲಿ ಕೆಲವನ್ನು ನಾನು ತಪ್ಪಾಗಿ ನೆನಪಿಟ್ಟುಕೊಂಡಿರಬಹುದು. ಚನ್ನಗಿರಿಯಿಂದ ಕೆರೆಬಿಳಚಿಗೆ ಹೋಗುವ ದಾರಿಯಲ್ಲಿದ್ದ ನಮ್ಮ ಮಾವಿನ ತೋಪಿನ ಮನೆಯ ಬೆಳಕಿಂಡಿ ದುಂಡಗಿತ್ತು ಎಂದು ಇಷ್ಟು ವರ್ಷ ನಂಬಿದ್ದೆ. ನೆಲದ ಮೇಲೆ ದುಂಡನೆಯ ಬಿಸಿಲು, ಅದರ ಅಂಚಿಗೆ ಅವ್ವನ ಪಾದ. ಕಳೆದ ಬೇಸಿಗೆ ರಜೆಯಲ್ಲಿ ಮೈಸೂರಿನಿಂದ ಬಂದಾಗ ಮಾಳಿಗೆ ಹತ್ತಿ ನೋಡಿದರೆ ಅದು ಚೌಕ. ನಾಲ್ಕು ಕಡೆ ಕಲ್ಲಿನ ತುಂಡು ಜೋಡಿಸಿ ಮಾಡಿದ್ದು. ಎಂದೂ ದುಂಡಗಿದ್ದಿರಲು ಸಾಧ್ಯವಿಲ್ಲ. ಹಾಗಾದರೆ ಆ ಪಾದ ಕಂಡದ್ದು ನಿಜವೇ ಎಂದು ಅಲ್ಲೇ ಕೂತು ಯೋಚಿಸಿದೆ. ಕೆಳಗಿನ ಕೋಣೆಯಿಂದ ಒಣಹುಲ್ಲು ಮತ್ತು ಹಣ್ಣಾಗುತ್ತಿದ್ದ ಮಾವಿನ ವಾಸನೆ ಆ ಕಿಂಡಿಯಿಂದ ಮೇಲೆ ಬರುತ್ತಿತ್ತು. ಅದೊಂದು ಮಾತ್ರ ನೆನಪಿಗೂ ಎದುರಿಗಿದ್ದದ್ದಕ್ಕೂ ಒಂದೇ ಆಗಿತ್ತು.

ಆ ಮನೆಯನ್ನು ಸುತ್ತಲಿನವರು ಜಗಳೂರಾರ ಮನೆ ಎನ್ನುತ್ತಿದ್ದರು. ಅಜ್ಜನ ಅಪ್ಪ ಜಗಳೂರು ಸೀಮೆಯಿಂದ ಬಂದು ಇಲ್ಲಿ ಜಮೀನು ಹಿಡಿದು ಮಾವು, ನಿಂಬೆ, ಸೀತಾಫಲ ಹಾಕಿಸಿದವರು. ಗಿಡಗಳು ಆಳೆತ್ತರವಾದ ಮೇಲೆ ಕಾವಲಿಗೆಂದು ಮನೆ ಕಟ್ಟಲು ಹೊರಟರು. ಚನ್ನಗಿರಿಯ ಕಡೆ ಹೆಂಚಿನ ಮನೆಗಳೇ ಹೆಚ್ಚು. ಮುತ್ತಜ್ಜನಿಗೆ ಗೊತ್ತಿದ್ದದ್ದು ಬಯಲು ಸೀಮೆಯ ಮಾಳಿಗೆ ಮನೆ: ಮೊಣಕೈಯಿಂದ ಬೆರಳ ತುದಿಯವರೆಗಿನ ದಪ್ಪದ ಮಣ್ಣಿನ ಗೋಡೆ, ಕಂಬ, ತೊಲೆ, ತೊಲೆಯ ಮೇಲೆ ಜಂತೆ, ಅದರ ಮೇಲೆ ಕಡ್ಡಿ ಸೊಪ್ಪು ಹಾಸಿ, ಎಲ್ಲಕ್ಕೂ ಮೇಲೆ ನೀರಿಳಿಯದ ಕರಲು ಮಣ್ಣು. ಆ ಮಣ್ಣನ್ನು ಅವರು ಜಗಳೂರಿನಿಂದಲೇ ಗಾಡಿಯ ಮೇಲೆ ತರಿಸಿದರಂತೆ. ಮಣ್ಣು ಹೊತ್ತು ಬರುವ ಗಾಡಿಗಳನ್ನು ನೋಡಿ ದಾರಿಯ ಜನ, ಇವರ ಊರಾಗೆ ಮಣ್ಣನ್ನೂ ವರದಕ್ಷಿಣೆ ಕೊಡ್ತಾರೇನೋ ಎಂದು ನಕ್ಕರಂತೆ. ಇದನ್ನು ಅಜ್ಜ ಪ್ರತಿ ಮಳೆಗಾಲದಲ್ಲೂ ಹೇಳುತ್ತಿದ್ದರು, ಯಾಕೆಂದರೆ ಮನೆ ಪ್ರತಿ ಮಳೆಗಾಲದಲ್ಲೂ ಸ್ವಲ್ಪ ಸೋರುತ್ತಿತ್ತು.

ಆ ಗಾಡಿಗಳಲ್ಲಿ ಮಣ್ಣಿನ ಜೊತೆ ಒಂದು ಬಾಗಿಲುವಾಡವೂ ಬಂತು. ಜಗಳೂರಿನ ಹಳೆಯ ಮನೆಯ ಬಾಗಿಲ ಚೌಕಟ್ಟು, ಹೊನ್ನೆ ಮರದ್ದು. ಮೇಲಿನ ಪಟ್ಟಿಯಲ್ಲಿ ಎದುರುಬದುರಾಗಿ ಎರಡು ಗಿಳಿ. ಅದು ಹೊಸ ಮನೆಯ ತಲೆಬಾಗಿಲಿಗೆ ಗಿಡ್ಡವಾಯಿತು. ಹಾಗಾಗಿ ಪಡಸಾಲೆಯಿಂದ ಬಲಗಡೆಯ ಕೊನೆಯ ಅಂಕಣಕ್ಕೆ ಹೋಗುವಲ್ಲಿ ಅದನ್ನು ನಿಲ್ಲಿಸಿದರು. ಆ ಅಂಕಣ ಅಡೆ ಕೋಣೆ. ಕಾಯಿ ಕಿತ್ತು, ಹುಲ್ಲು ಹಾಸಿ, ಪದರ ಪದರವಾಗಿ ಹಣ್ಣಿಗೆ ಹಾಕುವುದು ಅಲ್ಲಿ. ಅದಕ್ಕೆ ತೋಪಿನ ಕಡೆಗೆ ಇನ್ನೊಂದು ಬಾಗಿಲಿತ್ತು, ಬುಟ್ಟಿ ಹೊತ್ತವರು ಬಗ್ಗದೆ ಒಳಗೆ ಬರುವಷ್ಟು ಎತ್ತರದ್ದು. ಅದಕ್ಕೆ ಹೊಸ್ತಿಲಿರಲಿಲ್ಲ, ಒಂದು ಒರಟು ಕಲ್ಲು ಅಷ್ಟೆ. ಗಿಳಿ ಬಾಗಿಲಿಗೆ ಹೊಸ್ತಿಲಿತ್ತು. ಚಿಲಕ ಪಡಸಾಲೆಯ ಕಡೆಗಿತ್ತು, ಮಕ್ಕಳ ಕೈಗೆ ಎಟುಕದಷ್ಟು ಮೇಲೆ, ಅವರು ಹಣ್ಣು ಕದಿಯಬಾರದೆಂದು. ಒಳಗಿದ್ದವರಿಗೆ ಅದನ್ನು ತೆಗೆಯಲು ಬರುತ್ತಿರಲಿಲ್ಲ. ಈ ಚಿಲಕದ ಸಂಗತಿಯಲ್ಲಿ ನನಗೆ ಅನುಮಾನವಿಲ್ಲ. ಅದರ ಮೊಳೆ ಹೊಡೆದ ಗುರುತು ಕದದ ಮೇಲೆ ಈಗಲೂ ಇದೆ.

ನಾವು ಇದ್ದದ್ದು ಚನ್ನಗಿರಿ ಊರೊಳಗೆ. ತೋಪಿನ ಮನೆಗೆ ಹೋಗುತ್ತಿದ್ದದ್ದು ಹಣ್ಣಿನ ಕಾಲಕ್ಕೆ ಮಾತ್ರ. ಎರಡನೆಯ ಮಹಾಯುದ್ಧ ಶುರುವಾಗುವುದಕ್ಕೆ ಒಂದೋ ಎರಡೋ ವರ್ಷ ಮೊದಲು, ಮಳೆ ನಿಂತು ಚಳಿ ಹಿಡಿಯುವ ಹೊತ್ತಿಗೆ, ಊರಲ್ಲಿ ಇಲಿ ಬಿತ್ತು. ಇಲಿ ಬಿತ್ತು ಅಂದರೆ ಸಾಕು, ಪ್ಲೇಗು ಎಂದು ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ. ಜನ ಹೊಲಗಳಲ್ಲಿ ಗುಡಿಸಲು ಹಾಕಿಕೊಂಡರು. ನಾವು ಗಾಡಿಗೆ ಜೋಳದ ಚೀಲ, ಬೀಸುವ ಕಲ್ಲು, ಹಾಸಿಗೆ ಹೇರಿಕೊಂಡು ತೋಪಿಗೆ ಹೋದೆವು. ಅಜ್ಜ, ಅವ್ವ, ಮದುವೆ ಗೊತ್ತಾಗಿದ್ದ ಅತ್ತೆ, ನಾನು. ಅತ್ತೆ ಎಂದರೆ ಅಪ್ಪನ ತಂಗಿ. ಅಪ್ಪ ಜಗಳೂರಿನಲ್ಲಿ ಮೇಷ್ಟರಾಗಿದ್ದರು; ಊರು ಬಿಟ್ಟಿದ್ದೀವಿ, ಈ ಕಡೆ ಬರಬ್ಯಾಡ ಎಂದು ಅಜ್ಜ ಅವರಿಗೆ ಹೇಳಿಕಳಿಸಿದ್ದರು. ನನಗೆ ಆಗ ಎಂಟೋ ಒಂಬತ್ತೋ.

ಆ ವರ್ಷ ನನಗೆ ಸಂತೋಷವಾಗಿತ್ತು ಎಂದು ಬರೆಯಬೇಕು. ಶಾಲೆ ಇರಲಿಲ್ಲ. ಮಾಳಿಗೆಯ ಮೇಲೆ ಜೋಳ ಒಣಹಾಕುತ್ತಿದ್ದರು, ಅದನ್ನು ಕಾಯುವುದು ನನ್ನ ಕೆಲಸ. ಅಲ್ಲಿಂದ ಊರಿನ ಕೋಟೆಯ ಗುಡ್ಡ ಕಾಣುತ್ತಿತ್ತು. ಊರಿನಲ್ಲಿ ಹೊಗೆ ಏಳುತ್ತಿರಲಿಲ್ಲ. ಒಲೆ ಉರಿಯದ ಊರು ಹೇಗಿರುತ್ತದೆ ಎಂದು ಆಗ ನೋಡಿದೆ, ಆದರೆ ನೋಡಿದ್ದೇನೆ ಎಂದು ಗೊತ್ತಾಗಿರಲಿಲ್ಲ.

ನಮ್ಮ ಮನೆಯಲ್ಲಿ ಹೊಸ್ತಿಲು ಸೊಸೆಯದು. ಅಜ್ಜಿ ತೀರಿಕೊಂಡ ಮೇಲೆ ಅದನ್ನು ತೊಳೆದು ಅರಿಶಿನ ಹಚ್ಚುವ ಕೈ ಅವ್ವನದು. ಬೇರೆ ಯಾವ ವಿಷಯಕ್ಕೂ ಅವ್ವನನ್ನು ಕೇಳುವ ರೂಢಿ ಅಜ್ಜನಿಗಿರಲಿಲ್ಲ, ಬಾಗಿಲುವಾಡ ಹೊಸ್ತಿಲ ವಿಷಯಕ್ಕೆ ಮಾತ್ರ ಕೇಳುತ್ತಿದ್ದರು. ತಲೆಬಾಗಿಲಿಗೆ ಹೊಸ ಕದ ಮಾಡಿಸುವಾಗಲೂ ಬಡಗಿಯನ್ನು ಹೊರಗೆ ನಿಲ್ಲಿಸಿ, ಗಂಗವ್ವ, ಕೆಲಸ ಹಿಡಿಯಲೇನು ಎಂದು ಕೇಳಿಯೇ ಉಳಿ ಮುಟ್ಟಗೊಟ್ಟರಂತೆ. ಬೀಗ ಹಾಕಿದ ಊರ ಮನೆಯ ಹೊಸ್ತಿಲೂ ಶುಕ್ರವಾರ ಒಣಗಿರಬಾರದು ಎಂಬುದು ಅಜ್ಜನ ಮಾತೋ ಅವ್ವನದೇ ನಂಬಿಕೆಯೋ ನನಗೆ ತಿಳಿಯದು. ಪ್ರತಿ ಶುಕ್ರವಾರ ಬೆಳಿಗ್ಗೆ ಅವಳು ತಂಬಿಗೆ ಹಿಡಿದು ಖಾಲಿ ಊರಿಗೆ ನಡೆದು ಹೋಗಿ ಬರುತ್ತಿದ್ದಳು.

"ನಮ್ಮತ್ತಿಗೆ ಇಲಿಗೆಲ್ಲ ಅರಿಶಿಣ ಕುಂಕುಮ ಕೊಟ್ಟು ಬರಾಕೆ ಹೋಗ್ಯಾಳೆ" ಎಂದು ಅತ್ತೆ ನಗುತ್ತಿದ್ದಳು. ಅವ್ವ ಬಂದು, "ನಿನ್ನ ಮದುವಿಗೂ ಕರೆದು ಬಂದೀನಿ, ಬರ್ತಾವಂತೆ" ಅಂದಿದ್ದಳು. ಮೂವರೂ ನಕ್ಕಿದ್ದೆವು.

ಒಂದು ಶುಕ್ರವಾರ ಹೋಗಿ ಬಂದ ಅವ್ವನಿಗೆ ಜ್ವರ ಬಂತು. ಅವಳೇ ತನ್ನ ಚಾಪೆ ತಗೊಂಡು ಅಡೆ ಕೋಣೆಗೆ ಹೋದಳು. ಹಣ್ಣಿನ ಕಾಲವಲ್ಲ, ಕೋಣೆ ಖಾಲಿ ಇತ್ತು. ಬೇಸಿಗೆಯ ಹುಲ್ಲು ಮೂಲೆಯಲ್ಲಿ ಹಾಗೇ ಇತ್ತು. ಅಜ್ಜ ಗಿಳಿ ಬಾಗಿಲಿನ ಚಿಲಕ ಹಾಕಿದರು. ಹಿಂದೊಂದು ಸಲ ಪ್ಲೇಗಿಗೆ ಸಿಕ್ಕಿ ಬದುಕಿ ಉಳಿದಿದ್ದ ಕೆಂಚಮ್ಮ ಎಂಬ ಮುದುಕಿಯನ್ನು ಕರೆಸಿದರು. ಅವಳು ತೋಪಿನ ಕಡೆಯ ಬಾಗಿಲಿನಿಂದ ಗಂಜಿ ಒಯ್ದು ಕೊಡುತ್ತಿದ್ದಳು. ಉಳಿದ ಹೊತ್ತೆಲ್ಲ ಆ ಬಾಗಿಲ ಕಲ್ಲಿನ ಮೇಲೆ ಕೂತಿರುತ್ತಿದ್ದಳು. ನಾನು ತೋಪಿನ ಆ ಕಡೆ ಹೆಜ್ಜೆ ಇಡಬಾರದು ಎಂದು ಕಟ್ಟಪ್ಪಣೆಯಾಯಿತು. ಮಾಳಿಗೆ ಹತ್ತಬಾರದೆಂದು ಯಾರೂ ಹೇಳಲಿಲ್ಲ, ಯಾಕೆಂದರೆ ಜೋಳ ಕಾಯುವವರು ಬೇರೆ ಇರಲಿಲ್ಲ.

ಹಾಗಾಗಿ ಬೆಳಕಿಂಡಿಯಿಂದ ನೋಡುತ್ತಿದ್ದೆ. ಬಿಸಿಲಿಂದ ಕತ್ತಲೆಗೆ ನೋಡಿದರೆ ಮೊದಲು ಏನೂ ಕಾಣುತ್ತಿರಲಿಲ್ಲ. ಆಮೇಲೆ ಚಾಪೆ, ತಂಬಿಗೆ, ಅವ್ವನ ಸೀರೆಯ ಬಣ್ಣ. ಅವಳು ಕಣ್ಣು ಬಿಟ್ಟು ಮೇಲೆ ನೋಡಿದಳು. ನನ್ನ ಮುಖ ಅವಳಿಗೆ ಕರ್ರಗೆ ಕಂಡಿರಬೇಕು.

"ಯಾರು, ನೀಲಿನಾ? ಬೆಳಕಿಗೆ ಅಡ್ಡ ಬರಬ್ಯಾಡ, ಅತ್ಲಾಗೆ ಸರಿ" ಅಂದಳು.

ನಾನು ಸರಿದೆ. ಅವ್ವ ನನಗೆ ಆಮೇಲೆ ಏನಾದರೂ ಹೇಳಿದಳೋ ಇಲ್ಲವೋ, ನೆನಪಿಲ್ಲ. ಇದ್ದದ್ದು ಇದೊಂದೇ. ಇದಕ್ಕೆ ದುಃಖ ಪಡಬೇಕೆಂದು ಎಷ್ಟೋ ಸಲ ಪ್ರಯತ್ನಿಸಿದ್ದೇನೆ. ಅದು ಒಂದು ಮಾತು, ಅಷ್ಟೆ. ಕಿಂಡಿಗೆ ಅಡ್ಡ ಬಂದರೆ ಯಾರಾದರೂ ಹೇಳುವ ಮಾತು.

ಅದಾದ ಮಾರನೆಯ ದಿನವೋ ಅದರ ಮಾರನೆಯ ದಿನವೋ, ಗಿಳಿ ಬಾಗಿಲಿನ ಹೊಸ್ತಿಲ ಕೆಳಗೆ ಪಡಸಾಲೆಯ ಕಡೆ ಒಂದು ಇಲಿ ಸತ್ತು ಬಿದ್ದಿತ್ತು. ಮರಕ್ಕೂ ಮಣ್ಣಿಗೂ ನಡುವೆ ಅವು ದಾರಿ ಮಾಡಿಕೊಂಡಿದ್ದವು. ಅಜ್ಜ ಸವಳಂಗದ ಕಡೆಯ ಗೌಂಡಿ ಇಮಾಮ್‌ಸಾಬಿಯನ್ನು ಕರೆಸಿದರು. ಅವರೂ ಊರು ಬಿಟ್ಟು ಹತ್ತಿರದ ಹೊಲದಲ್ಲಿ ಗುಡಿಸಲು ಹಾಕಿದ್ದರು. ಬಾಗಿಲುವಾಡ ಇಟ್ಟುಕೊಂಡೇ ಆ ದಾರಿ ಮುಚ್ಚಲು ಆಗುವುದಿಲ್ಲ, ಮರದ ಅಡಿ ಇಲಿ ನುಗ್ಗುತ್ತದೆ, ವಾಡವನ್ನೇ ಕಿತ್ತು ಗೋಡೆ ಏಳಿಸಬೇಕು ಎಂದು ಅವರು ಹೇಳಿದರಂತೆ. ಜಗಳೂರಿನಿಂದ ಬಂದ ವಾಡ. ಅದನ್ನು ಕೀಳಲು ಹೊಸ್ತಿಲು ತೊಳೆದವಳ ಒಪ್ಪಿಗೆ ಬೇಕು. ಆ ಹೊಸ್ತಿಲು ತೊಳೆದವಳು ಆ ಬಾಗಿಲಿನ ಆಚೆಗೆ ಇದ್ದಳು.

ಅಜ್ಜ ಮುಚ್ಚಿದ ಬಾಗಿಲಿನ ಮುಂದೆ ನಿಂತು ಅವ್ವನೊಂದಿಗೆ ಮಾತಾಡಿದರು. ಅತ್ತೆಯೂ ಇಮಾಮ್‌ಸಾಬಿಯೂ ಪಕ್ಕದಲ್ಲಿದ್ದರು. ಒಳಗಿನಿಂದ ಅವ್ವ, "ಬಾಗಿಲು ತೆಗೆದುಬಿಡ್ರಿ ಮಾವ" ಅಂದಳು.

ನಾನು ಆಗ ಮಾಳಿಗೆಯ ಮೇಲಿದ್ದೆ. ಆ ದನಿ ಕಿಂಡಿಯಿಂದ ನನಗೂ ಕೇಳಿಸಿತು ಎಂದು ನನ್ನ ನೆನಪು ಹೇಳುತ್ತದೆ. ಆದರೆ ಬೆಳಕಿಂಡಿ ದುಂಡಗಿತ್ತು ಎಂದೂ ಇದೇ ನೆನಪು ಹೇಳಿತ್ತು. ಮನೆಯವರ ಬಾಯಿಂದ ಆ ಮಾತನ್ನು ಅಷ್ಟು ಸಲ ಕೇಳಿದ ಮೇಲೆ, ಅದಕ್ಕೆ ಅವ್ವನ ದನಿಯನ್ನು ನಾನೇ ಕೊಟ್ಟಿರಬಹುದು.

ಆವತ್ತೇ ವಾಡ ಕಿತ್ತರು. ವಾಡ ಇದ್ದ ಜಾಗಕ್ಕೆ ಮೊದಲು ಒಂದು ಗೋಣಿತಾಟು ಇಳಿಬಿಟ್ಟು, ಅದರ ಈಚೆಗೆ ಕಲ್ಲು ಮಣ್ಣು ಏರಿಸಿದರು. ಸಂಜೆಯ ಹೊತ್ತಿಗೆ ಪಡಸಾಲೆಯ ತುಂಬ ಹಸಿಮಣ್ಣಿನ ವಾಸನೆ. ಒಳಗಿನಿಂದ ಏನಾದರೂ ಅಂದರಾ ಎಂದು ಅತ್ತೆ ಇಮಾಮ್‌ಸಾಬಿಯನ್ನು ಕೇಳಿದಳು. ಇಲ್ಲವ್ವ, ಏನೂ ಅನ್ನಲಿಲ್ಲ ಎಂದು ಅವರು ಕೈ ತೊಳೆದುಕೊಂಡರು. ಮಾರನೆಯ ದಿನ ಕೆಂಚಮ್ಮ ಹೇಳಿದ್ದು, ಗಂಗವ್ವ ಚಾಪೆಯನ್ನು ಎಳೆದುಕೊಂಡು ಹೊಸ ಗೋಡೆಗೆ ಬೆನ್ನು ಕೊಟ್ಟು ಮಲಗಿದ್ದಾಳೆ ಎಂದು. ಹಸಿ ಗೋಡೆ ತಣ್ಣಗಿರುತ್ತದೆ, ಜ್ವರದ ಮೈಗೆ ಹಿತ ಎಂದು ಅಜ್ಜ ಅಂದರು. ಇರಬಹುದು. ಬೆಳಕಿಂಡಿಯಿಂದ ಆ ಗೋಡೆಯ ಬುಡ ಕಾಣುತ್ತಿರಲಿಲ್ಲ. ನನಗೆ ಆಮೇಲೆ ಬರಿಯ ಚಾಪೆಯ ತುದಿ ಕಾಣುತ್ತಿತ್ತು.

ಅವ್ವ ಸತ್ತದ್ದು ಒಂದು ಮಧ್ಯಾಹ್ನ. ಕೆಂಚಮ್ಮ ಮನೆಯನ್ನು ಸುತ್ತು ಹಾಕಿಕೊಂಡು ಬಂದು ಅಂಗಳದಲ್ಲಿ ನಿಂತಳು. ಗಂಜಿಯ ಬಟ್ಟಲನ್ನು ಬೋರಲು ಹಾಕಿದಳು. ಅತ್ತೆ ನನ್ನ ಮುಂದೆ ಒಗ್ಗರಣೆ ಮಂಡಕ್ಕಿ ಇಟ್ಟು ಒಳಗೆ ಹೋದಳು. ನಾನು ಎಲ್ಲವನ್ನೂ ತಿಂದೆ. ಖಾರ ಜಾಸ್ತಿಯಾಗಿತ್ತು, ನೀರು ಕುಡಿದೆ. ಅವ್ವನನ್ನು ತೋಪಿನ ಕಡೆಯ ಹೊಸ್ತಿಲಿಲ್ಲದ ಬಾಗಿಲಿನಿಂದ ಒಯ್ದರು. ಗಾಡಿಯ ಗಾಲಿಗೆ ಎಣ್ಣೆ ಸಾಲದೆ ಕಿರುಗುಡುತ್ತಿತ್ತು. ಆ ಸದ್ದು ಮುಗಿಯುವವರೆಗೆ ಜೋಳದ ಮೇಲೆ ಕೂತ ಗುಬ್ಬಿಗಳನ್ನು ನಾನು ಓಡಿಸುತ್ತಿದ್ದೆ. ಅಪ್ಪ ಬರುವ ಹೊತ್ತಿಗೆ ಗೋಡೆ ಒಣಗಿತ್ತು. ಅವರು ಅದನ್ನು ಅಂಗೈಯಿಂದ ಮುಟ್ಟಿ ನೋಡಿದರು, ಗಟ್ಟಿಯಾಗಿದೆಯೇ ಎಂದು ನೋಡುವವರ ಹಾಗೆ. ನನ್ನನ್ನು ಹೊನ್ನಾಳಿಗೆ, ಅವ್ವನ ತವರಿಗೆ, ಓದಲು ಬಿಟ್ಟರು. ಆ ವಿಷಯ ಅವರು ಎಂದೂ ಮಾತಾಡಲಿಲ್ಲ.

ಮಾತಾಡಿದವರು ಉಳಿದವರು. ಮದುವೆ ಮುಂಜಿಗಳಲ್ಲಿ ಹೆಂಗಸರು ನನ್ನ ಗಲ್ಲ ಹಿಡಿದು ಹೇಳುತ್ತಿದ್ದರು: ನಿಮ್ಮವ್ವ ಎಂಥಾಕೆ ಗೊತ್ತೇನು, ಮನೆ ಮಂದಿ ಉಳೀಲಿ ಅಂತ ತನ್ನ ಬಾಗಿಲು ತಾನೇ ತೆಗೆಸಿದಾಕೆ. ಹೊನ್ನಾಳಿಯ ಅಜ್ಜಿಯೂ ಅದನ್ನೇ ಹೇಳಿ ಕಣ್ಣೊರೆಸಿಕೊಳ್ಳುತ್ತಿದ್ದಳು. ನಾನು ಅದನ್ನು ಹೆಮ್ಮೆಯಿಂದ ಕೇಳುತ್ತಿದ್ದೆ. ಹೆಮ್ಮೆಯಿಂದ ಎಂದರೆ, ಹೆಮ್ಮೆ ಪಡಬೇಕಾದ ಮುಖ ಮಾಡಿಕೊಂಡು. ಒಳಗೆ ಏನೂ ಆಗುತ್ತಿರಲಿಲ್ಲ.

ಮೈಸೂರಿನ ಹಾಸ್ಟೆಲಿನಲ್ಲಿ ಒಂದು ದಿನ ಮಧ್ಯಾಹ್ನ ಓದುತ್ತ ಕೂತಿದ್ದೆ. ಪಕ್ಕದ ಕೋಣೆಯವಳು ಸ್ನಾನ ಮಾಡಿ ಬಂದು, ಒದ್ದೆ ಬಟ್ಟೆ ಎರಡೂ ಕೈಯಲ್ಲಿ ಹಿಡಿದುಕೊಂಡು, ನನ್ನ ಕೋಣೆಯ ಹೊರಗೆ ನಿಂತು, "ನೀಲಾ, ಬಾಗಿಲು ತೆಗೀರಿ" ಎಂದಳು. ನಾನು ಎದ್ದು ಚಿಲಕದ ಮೇಲೆ ಕೈಯಿಟ್ಟವಳು ಅಲ್ಲೇ ನಿಂತುಬಿಟ್ಟೆ. ಅವಳು ಬಾಗಿಲನ್ನು ಕೀಳಲು ಹೇಳಿರಲಿಲ್ಲ. ಯಾರೂ ಹಾಗೆ ಹೇಳುವುದಿಲ್ಲ. ಹೊರಗಿನಿಂದಾಗಲಿ ಒಳಗಿನಿಂದಾಗಲಿ, ಮುಚ್ಚಿದ ಬಾಗಿಲಿನ ಹಿಂದೆ ಇರುವವರು ಬಾಗಿಲು ತೆಗೆಯಿರಿ ಎಂದರೆ ಅದಕ್ಕೆ ಒಂದೇ ಅರ್ಥ. ಗೌಂಡಿಯನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡವರಿಗೆ ಮಾತ್ರ ಅದು ಬೇರೆ ಥರ ಕೇಳಿಸೀತು.

"ಏನ್ರೀ, ನಿದ್ದೆ ಮಾಡ್ತಿದ್ದೀರಾ?" ಎಂದು ಅವಳು ಹೊರಗಿನಿಂದ ನಗುತ್ತಿದ್ದಳು.

ಆಮೇಲೆ ನಾನು ಬಹಳ ದಿನ ಅದನ್ನೇ ತಿರುಗಿಸಿ ತಿರುಗಿಸಿ ನೋಡಿದೆ. ಅಜ್ಜ ಕೆಟ್ಟವರಲ್ಲ. ಅವರಿಗೆ ಒಪ್ಪಿಗೆ ಬೇಕಿತ್ತು, ಒಪ್ಪಿಗೆ ಕೇಳಿಸಿತು. ಅವ್ವನೂ ವಾಡ ಕೀಳಿರಿ ಎಂದೇ ಹೇಳಿರಬಹುದು. ಇಲಿಯ ವಿಷಯ ತಿಳಿದಿದ್ದರೆ ಅವಳು ಖಂಡಿತ ಹಾಗೆ ಹೇಳುವವಳೇ. ಚಾಪೆ ತಗೊಂಡು ತಾನೇ ಆ ಕೋಣೆಗೆ ಹೋದವಳು. ಎರಡನ್ನೂ ಅದೇ ಮಾತಿನಲ್ಲಿ ಹೇಳಬಹುದು. ನಮ್ಮ ಭಾಷೆಯಲ್ಲಿ ತೆರೆಯುವುದಕ್ಕೂ ಕಿತ್ತುಹಾಕುವುದಕ್ಕೂ ಒಂದೇ ಮಾತಿದೆ, ಇಷ್ಟು ಕಾಲ ಯಾರಿಗೂ ಅದರಿಂದ ತೊಂದರೆಯಾಗಿಲ್ಲ.

ಅದಕ್ಕೇ ಕಳೆದ ಬೇಸಿಗೆಯಲ್ಲಿ ತೋಪಿಗೆ ಹೋದದ್ದು. ಅಜ್ಜ ಹೋಗಿ ಆಗಲೇ ಮೂರು ನಾಲ್ಕು ವರ್ಷ. ತೋಪನ್ನು ಕೆರೆಬಿಳಚಿಯ ಹಣ್ಣಿನ ವ್ಯಾಪಾರದವರು ಗುತ್ತಿಗೆಗೆ ಹಿಡಿದಿದ್ದಾರೆ. ಮಾಳಿಗೆಯ ಮೇಲೆ ಹುಲ್ಲು ಬೆಳೆದಿದೆ. ಪಡಸಾಲೆಯಲ್ಲಿ ನಿಂತು ಆ ಗೋಡೆಯನ್ನು ನೋಡಿದೆ. ಹೊಸ ಮಣ್ಣು ಹಳೆಯದಕ್ಕೆ ಕೂಡಿಕೊಂಡಿಲ್ಲ. ಬಾಗಿಲಿನ ಆಕಾರದಲ್ಲೇ ಸುತ್ತಲೂ ಬಿರುಕು ಬಿಟ್ಟಿದೆ. ಇಲ್ಲಿ ಬಾಗಿಲಿತ್ತು ಎಂದು ಯಾರೂ ಹೇಳಿಕೊಡಬೇಕಾಗಿಲ್ಲ.

ಬಾಗಿಲುವಾಡ ಬಾವಿಯ ಹತ್ತಿರ ಬಿದ್ದಿರಬೇಕೆಂದು ಹುಡುಕಿದೆ. ಅದನ್ನು ಒಲೆಗೆ ಹಾಕಬಾರದು ಎಂದು ಅಜ್ಜ ಹೇಳಿದ್ದರಂತೆ. ಬಾವಿಯ ಹತ್ತಿರ ಇರಲಿಲ್ಲ. ಅಡೆ ಕೋಣೆಯಲ್ಲಿ ಕದ ಮಾತ್ರ ಗೋಡೆಗೆ ಒರಗಿತ್ತು. ವಾಡವನ್ನು ಕಾವಲಿನ ಗುಡಿಸಲಿನವರು ಒಯ್ದು ತಮ್ಮ ಗುಡಿಸಲಿಗೆ ನಿಲ್ಲಿಸಿಕೊಂಡಿದ್ದರು. ತಟ್ಟಿಯ ಗೋಡೆ, ಸೋಗೆಯ ಮಾಡು, ನಡುವೆ ಹೊನ್ನೆ ಮರದ ವಾಡ, ಎರಡು ಗಿಳಿ. ಒಂದು ಗಿಳಿಗೆ ಕೊಕ್ಕಿಲ್ಲ. ನಾನು ಹೊರಗೇ ನಿಂತದ್ದನ್ನು ನೋಡಿ ಒಳಗೆ ಮಗುವಿಗೆ ತಲೆ ಬಾಚುತ್ತಿದ್ದ ಹೆಂಗಸು ಕರೆದಳು.

"ಬರ್ರಿ ಒಳಗೆ. ಬಾಗಿಲು ತೆಗೆದೇ ಐತೆ. ಕದ ಎಲ್ಲೈತೆ ಹಾಕಾಕೆ."

ಒಳಗೆ ಹೋಗಿ ಕೂತೆ. ಎರಡು ಹಣ್ಣು ಕೊಟ್ಟಳು. ಹೊಸ್ತಿಲ ಮೇಲೆ ಕಾಲಿಡದೆ ದಾಟಿದ್ದೆ ಎಂಬುದು ಆಮೇಲೆ ಹೊಳೆಯಿತು.

ಅಲ್ಲಿಂದ ಮಾರನೆಯ ದಿನ ಬಸ್ಸು ಹಿಡಿದು ನ್ಯಾಮತಿಗೆ ಹೋದೆ. ಅತ್ತೆಯನ್ನು ಕೊಟ್ಟದ್ದು ಅಲ್ಲಿಗೆ. ಆ ಬಾಗಿಲಿನ ಮುಂದೆ ನಿಂತಿದ್ದವರಲ್ಲಿ ಈಗ ಉಳಿದಿರುವುದು ಅವಳೊಬ್ಬಳೇ, ಇಮಾಮ್‌ಸಾಬಿಯೂ ಇಲ್ಲ. ಅತ್ತೆ ಹಜಾರದಲ್ಲಿ ಒಣಮೆಣಸಿನಕಾಯಿ ಹರವಿಕೊಂಡು ತೊಟ್ಟು ಬಿಡಿಸುತ್ತಿದ್ದಳು. ನನ್ನನ್ನು ನೋಡಿ, ಬಿ.ಎ. ಓದಿದರೆ ಮೈಮೇಲೆ ಮಾಂಸ ಹಿಡಿಯಾಂಗಿಲ್ಲ ಅಂತ ಕಾಣ್ತೈತೆ ಅಂದಳು. ಊಟವಾಯಿತು. ನಾನೂ ಅವಳ ಎದುರಿಗೆ ಕೂತು ತೊಟ್ಟು ಬಿಡಿಸತೊಡಗಿದೆ. ತೋಪಿಗೆ ಹೋಗಿದ್ದೆ ಎಂದೆ. ಅವ್ವ ಅವತ್ತು ಏನಂದಳು, ಇನ್ನೊಂದು ಸಲ ಹೇಳು ಎಂದೆ.

"ಎಷ್ಟು ಸಲ ಹೇಳೀನಿ ನಿನಗೆ. ಬಾಗಿಲು ತೆಗೆದುಬಿಡ್ರಿ ಮಾವ ಅಂದ್ಲು. ನನ್ನ ಈ ಕಿವಿಯಾರೆ ಕೇಳೀನಿ. ದನಿ ಸಣ್ಣಗಿತ್ತು, ಆದ್ರೆ ನಡುಗಲಿಲ್ಲ."

"ಅದಕ್ಕೆ ಮೊದಲು ಅಜ್ಜ ಏನಂದ್ರು?"

"ಏನಂತಾರೆ? ಗಂಗವ್ವ ಅಂತ ಕರೆದ್ರು. ಈ ಬಾಗಿಲದ್ದು ಏನ್ ಮಾಡಾನ ಅಂದ್ರು." ಅತ್ತೆಯ ಕೈ ನಿಂತಿತು. ಒಂದು ಮೆಣಸಿನಕಾಯಿಯನ್ನು ಎರಡು ಬೆರಳಲ್ಲಿ ಹಿಡಿದುಕೊಂಡು ಅವಳು ನನ್ನ ಮುಖ ನೋಡಿದಳು. ನಾನು ಏನು ಕೇಳಲಿದ್ದೇನೆ ಎಂದು ಅವಳಿಗೆ ಗೊತ್ತಾಯಿತು ಎಂದು ನನಗನ್ನಿಸಿತು. ಅವಳು ಮೊದಲಿನಿಂದಲೂ ಅದನ್ನು ತಿಳಿದಿದ್ದಳೇ, ಆ ಗಳಿಗೆಯಲ್ಲಿ ತಿಳಿದಳೇ, ಇಲ್ಲ ಬರಿಯ ಖಾರ ಕಣ್ಣಿಗೆ ಹತ್ತಿತೇ, ಹೇಳಲಾರೆ.

ಆದರೂ ಕೇಳಿದೆ. ಅತ್ತೆ ಎದ್ದು ಸೆರಗು ಕೊಡವಿದಳು. ಹೊನ್ನಾಳಿ ಬಸ್ಸು ಇನ್ನೇನು ಬರ್ತೈತೆ, ಹೊರಡು ಅಂದಳು. ಚೀಲಕ್ಕೆ ಮೆಣಸಿನಪುಡಿ, ಚಟ್ನಿಪುಡಿ ತುಂಬಿದಳು. ನಾನು ಚಪ್ಪಲಿ ಮೆಟ್ಟಿ ಅವಳ ಹೊಸ್ತಿಲಿನ ಆಚೆಗೆ ನಿಂತೆ, ಅವಳು ಈಚೆಗೆ ಕದ ಹಿಡಿದು ನಿಂತಳು. ಅಲ್ಲಿಂದ ಮತ್ತೊಮ್ಮೆ ಅದನ್ನೇ ಕೇಳಿದೆ.

"ಅತ್ತೆ, ಗೋಡೆ ಕಟ್ಟಿಸ್ತೀವಿ ಅಂತ ಅಜ್ಜ ಹೇಳಿದ್ದು ಅವ್ವ ಹಂಗಂದ ಮೇಲೋ, ಅದಕ್ಕೆ ಮೊದಲೋ?"